ಹುಲ್ಲು ಮಾರಿ, ಹೊಲದ ಮಣ್ಣು ಮಾರಬೇಡಿ



ಈ ವಾರದ ವಿಷಯ ಸ್ವಲ್ಪ ವಿಚಿತ್ರ ಅನ್ನಿಸಬಹುದು. ಗಾಲ್ಫ್ ಮೈದಾನದಲ್ಲಿ ಹಾಳಾದ ಹುಲ್ಲನ್ನ ರಿಪೇರಿ ಮಾಡೋದು ಹೇಗೆ ಅನ್ನೋದು. "ನಮಗೂ ಗಾಲ್ಫ್‌ಗೂ ಏನ್ ಸಂಬಂಧ?" ಅಂತ ಕೇಳ್ತೀರಿ. ಸಂಬಂಧ ಇದೆ. ಬೆಂಗಳೂರು ಸುತ್ತಮುತ್ತ ರಾಗಿ ಬಿಟ್ಟು ಲಾನ್ ಹುಲ್ಲು ಬೆಳೆದು, ಚದರಡಿ ಲೆಕ್ಕದಲ್ಲಿ ಮಾರೋ ರೈತರು ಇದ್ದಾರೆ. ನಾನೂ ಅವರಲ್ಲೊಬ್ಬ. ನಮ್ಮ ಹುಲ್ಲು ಅಪಾರ್ಟ್‌ಮೆಂಟ್, ರೆಸಾರ್ಟ್, ಕ್ರಿಕೆಟ್ ಮೈದಾನ, ಗಾಲ್ಫ್ ಮೈದಾನ ಎಲ್ಲಾ ಕಡೆ ಹೋಗುತ್ತೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಮೈದಾನದ ಬೋಳು ಜಾಗಕ್ಕೆ ನಮ್ಮ ಹೊಲದ ಮಣ್ಣಿನ ಸಮೇತ ಹುಲ್ಲಿನ ಚಾಪೆ ಕಿತ್ತು ತೇಪೆ ಹಾಕೋದು ಮೈದಾನಕ್ಕೂ ಕೆಟ್ಟದ್ದು, ಹೊಲಕ್ಕೂ ಕೆಟ್ಟದ್ದು. ನಾವು ಮಾರಬೇಕಾಗಿರೋದು ಗೆಣ್ಣು ಮತ್ತು ಕೆಲಸ. ಮಣ್ಣಲ್ಲ.

ಇದನ್ನ ನಾನು ಪೆಟ್ಟು ತಿಂದು ಕಲಿತೆ. ಹೊಸಕೋಟೆ ಕಡೆ ನಮ್ಮದು ಒಂದು ಎಕರೆ ಕೆಂಪು ಮಣ್ಣು. ಅಪ್ಪ ರಾಗಿ, ಅವರೆ ಹಾಕ್ತಿದ್ದರು. ನಾನು ಬೋರ್‌ವೆಲ್ ನಂಬಿ ಲಾನ್ ಹುಲ್ಲು ಹಾಕಿದೆ. ಆರು ವರ್ಷ ಬೆಳೆದೆ. ದುಡ್ಡು ಬಂತು, ಸುಳ್ಳು ಹೇಳಲ್ಲ. ಆಮೇಲೆ ಊರಾಚೆಯ ಒಂದು ಗಾಲ್ಫ್ ಮೈದಾನದಿಂದ ಆರ್ಡರ್ ಬಂತು. ಟೀ ಅಂತಾರೆ, ಆಟಗಾರರು ಮೊದಲ ಹೊಡೆತ ಹೊಡೆಯೋ ಕಟ್ಟೆ. ಅದರ ಮೇಲೆ ಹುಲ್ಲು ಬೋಳಾಗಿತ್ತು. ನಾವು ಬೆಳಗಿನ ಜಾವ ಚಾಪೆ ಕಿತ್ತು, ಲಾರಿಗೆ ಹಾಕಿ, ಸಂಜೆಯೊಳಗೆ ಹಾಸಿ ಬಂದ್ವಿ. ಮೊದಲ ವಾರ ನೋಡೋಕೆ ಎರಡು ಕಣ್ಣು ಸಾಲದು. ಐದನೇ ವಾರಕ್ಕೆ ಹಳದಿ ತಿರುಗಿತು. ಒಂದು ಜೋರು ಮಳೆ ಬಂದ ಮೇಲೆ ನೀರು ನಿಂತು, ಕೊಳೆತ ವಾಸನೆ. ಎರಡನೇ ಕಂತಿನ ದುಡ್ಡು ಬರಲೇ ಇಲ್ಲ.

ಜಗಳ ಆಡೋಕೆ ಅಂತಲೇ ಹೋಗಿದ್ದೆ. ಅಲ್ಲಿ ಹುಲ್ಲು ನೋಡ್ಕೊಳ್ಳೋ ವಯಸ್ಸಾದ ಮೇಸ್ತ್ರಿ ಒಬ್ಬರು ಮಾತೇ ಆಡದೆ ಚಾಕು ತಗೊಂಡು ಕೇಕ್ ಕೊಯ್ದ ಹಾಗೆ ಒಂದು ತುಂಡು ಕೊಯ್ದು ಕೈಗೆ ಕೊಟ್ಟರು.

"ನೋಡಪ್ಪಾ, ಮೇಲೆ ಏನಿದೆ?"

"ನಮ್ಮ ಕೆಂಪು ಮಣ್ಣು ಅಣ್ಣ."

"ಕೆಳಗೆ?"

"ಮರಳು."

"ಬೇರು ಎಲ್ಲಿವರೆಗೂ ಹೋಗಿದೆ?"

ಬೇರು ಕೆಂಪು ಮಣ್ಣಿನ ಗೆರೆವರೆಗೂ ಇಳಿದು, ಅಲ್ಲಿಂದ ಅಡ್ಡಕ್ಕೆ ತಿರುಗಿಕೊಂಡಿತ್ತು. ಮರಳಿಗೆ ಒಂದೂ ಇಳಿದಿರಲಿಲ್ಲ.

ಕಾರಣ ಸರಳ. ಒದ್ದೆ ಸ್ಪಂಜನ್ನ ಜಲ್ಲಿ ಮೇಲೆ ಇಟ್ಟು ನೋಡಿ. ಸ್ಪಂಜು ಪೂರ್ತಿ ತುಂಬಿ ತುಳುಕೋವರೆಗೂ ನೀರು ಕೆಳಗೆ ಇಳಿಯಲ್ಲ. ಸಣ್ಣ ಕಣದ ಮಣ್ಣನ್ನ ದಪ್ಪ ಕಣದ ಮರಳಿನ ಮೇಲೆ ಹಾಸಿದರೂ ಅದೇ ಕತೆ. ಮೇಲಿನ ಪದರ ಸದಾ ಕೆಸರು, ಬೇರಿಗೆ ಗಾಳಿ ಇಲ್ಲ.

ಗಾಲ್ಫ್‌ನವರು ಮರಳೇ ಯಾಕೆ ಹಾಕ್ತಾರೆ? ದಿನಾ ನೂರಾರು ಜನ ತುಳಿದರೂ ಮಣ್ಣು ಗಟ್ಟಿಯಾಗಬಾರದು, ಮಳೆ ನಿಂತ ಸ್ವಲ್ಪ ಹೊತ್ತಿಗೇ ಆಟ ಶುರು ಆಗಬೇಕು ಅಂತ. ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ 1960ರಲ್ಲೇ ಇದಕ್ಕೆ ಒಂದು ಅಳತೆ ಪ್ರಕಟಿಸಿತು. ಚೆಂಡು ಬೀಳೋ ಕುಳಿ ಇರುವ 'ಗ್ರೀನ್' ಅನ್ನೋ ಜಾಗದಲ್ಲಿ ಮೇಲೆ ಸುಮಾರು 30 ಸೆಂ.ಮೀ. ಮರಳಿನ ಮಿಶ್ರಣ, ಅದರ ಕೆಳಗೆ 10 ಸೆಂ.ಮೀ. ಜಲ್ಲಿ, ಅದರಡಿ ನೀರು ಬಸಿಯೋ ಪೈಪು. ಇಷ್ಟು ಖರ್ಚು ಮಾಡಿ ಕಟ್ಟಿದ ಜಾಗದ ಮೇಲೆ ನಾವು ಎರಡು ಬೆರಳು ಜಿಗುಟು ಮಣ್ಣು ಹಾಸಿದ್ರೆ, ಕೈಯಾರೆ ಮುಚ್ಚಳ ಹಾಕಿದ ಹಾಗೆ. ತಪ್ಪು ನನ್ನದೇ. ಕೇಳದೆ ಹಾಸಿದ್ದೆ.

ಮನೆಗೆ ಬಂದು ನಮ್ಮ ಹೊಲ ನೋಡಿದೆ. ಪ್ರತಿ ದಿನ ನೋಡ್ತಿದ್ದ ಹೊಲ, ಅವತ್ತು ಬೇರೆ ಥರ ಕಾಣ್ತು. ಪಕ್ಕದವರ ಹೊಲಕ್ಕಿಂತ ಅರ್ಧ ಗೇಣು ತಗ್ಗು. ಬದುವಿನ ತೆಂಗಿನ ಮರದ ಬೇರು ಹೊರಗೆ ಕಾಣ್ತಿತ್ತು.

ಲೆಕ್ಕ ಹಾಕಿ ನೋಡಿ, ಮೊಬೈಲ್ ಕ್ಯಾಲ್ಕುಲೇಟರ್ ಸಾಕು. ಒಂದು ಎಕರೆ ಅಂದ್ರೆ ಸುಮಾರು 4,047 ಚದರ ಮೀಟರ್. ಚಾಪೆ 2 ಸೆಂ.ಮೀ. ದಪ್ಪ ಇದ್ದರೆ ಸುಮಾರು 80 ಘನ ಮೀಟರ್, ಅಂದ್ರೆ ಹೆಚ್ಚುಕಡಿಮೆ 100 ಟನ್. ಅದರಲ್ಲಿ ಅರ್ಧ ಬೇರು, ಒಣಹುಲ್ಲು ಅಂತ ಬಿಟ್ಟರೂ 50 ಟನ್ ಮಣ್ಣು. ಟ್ರೇಲರಿಗೆ 3 ಟನ್ ಅಂದ್ರೆ 16-17 ಲೋಡ್. ಒಂದೇ ಒಂದು ಕಟಾವಿಗೆ! ವರ್ಷಕ್ಕೆ ಎರಡು ಸಲ ಕಿತ್ತರೆ ನೀವೇ ಗುಣಿಸಿಕೊಳ್ಳಿ. ಹೋಗೋದು ಮೇಲ್ಪದರ, ಹೊಲದಲ್ಲಿ ಸಾರ ಇರೋದೇ ಅಲ್ಲಿ. ಒಂದು ಇಂಚು ಮೇಲ್ಮಣ್ಣು ಆಗೋಕೆ ನೂರಾರು ವರ್ಷ ಬೇಕು. ನಾವು ಅದನ್ನ ಹುಲ್ಲಿನ ರೇಟಿಗೆ ಕೊಡ್ತಿದ್ದೀವಿ. ಯಾರಾದ್ರೂ ಬಂದು "ನಿಮ್ಮ ಹೊಲದ ಮಣ್ಣು ಕೊಡಿ" ಅಂದ್ರೆ ಬೈದು ಕಳಿಸ್ತೀವಿ. ಮೇಲೆ ಹಸಿರು ಇದ್ದರೆ ಮಾತ್ರ ನಾವೇ ಲಾರಿಗೆ ಹತ್ತಿಸ್ತೀವಿ.

ಹಾಗಾದ್ರೆ ಸರಿಯಾದ ರಿಪೇರಿ ಹೇಗೆ? ಆ ಮೇಸ್ತ್ರಿ ಹತ್ತಿರ ಕಲಿತದ್ದು, ಆಮೇಲೆ ನಾನು ಮಾಡಿ ನೋಡಿದ್ದು ಹೇಳ್ತೀನಿ.

ಸಣ್ಣ ಗಾಯದಿಂದ ಶುರು ಮಾಡೋಣ. ಮೇಲಿಂದ ಚೆಂಡು ಬಿದ್ದು ಗ್ರೀನ್‌ನಲ್ಲಿ ಕುಳಿ ಬೀಳುತ್ತೆ. ಎಲ್ಲರೂ ಮಾಡೋ ತಪ್ಪು ಅಂದ್ರೆ, ಕಡ್ಡಿ ಚುಚ್ಚಿ ಕುಳಿಯ ತಳವನ್ನ ಮೇಲಕ್ಕೆ ಎತ್ತೋದು. ಹಾಗೆ ಎತ್ತಿದರೆ ಬೇರು ಹರಿಯುತ್ತೆ, ಅಲ್ಲಿ ಕಂದು ಚುಕ್ಕೆ ಉಳಿಯುತ್ತೆ. ಸರಿಯಾದ ಕ್ರಮ: ಕುಳಿಯ ಸುತ್ತ ಅಂಚಿನಲ್ಲಿ ಚುಚ್ಚಿ, ಹುಲ್ಲನ್ನ ಪಕ್ಕದಿಂದ ನಡುವಿಗೆ ತಳ್ಳಿ, ಮೇಲೆ ಒತ್ತಿ ಸಮ ಮಾಡೋದು. ತಕ್ಷಣ ಮಾಡಿದರೆ ಕೆಲವೇ ದಿನದಲ್ಲಿ ಕೂಡಿಕೊಳ್ಳುತ್ತೆ. ಬಿಟ್ಟರೆ ವಾರಗಟ್ಟಲೆ ಹಿಡಿಯುತ್ತೆ.

ಕೋಲಿನ ಹೊಡೆತಕ್ಕೆ ಕಿತ್ತು ಹೋಗೋ ಹುಲ್ಲಿನ ತುಂಡಿಗೆ ಡಿವಟ್ ಅಂತಾರೆ. ಅಲ್ಲಿ ಬಿದ್ದ ಗುಳಿಗೆ ಮರಳಿನ ಮಿಶ್ರಣ ತುಂಬಿ ಸಮ ಮಾಡಿದರೆ ಸಾಕು. ಗರಿಕೆ ಜಾತಿಯ ಹುಲ್ಲು ಅಲ್ವಾ, ನೆಲದ ಮೇಲೂ ಬಳ್ಳಿ ಬಿಡುತ್ತೆ, ನೆಲದೊಳಗೂ ಹರಿಯುತ್ತೆ. ಅಕ್ಕಪಕ್ಕದಿಂದ ತಾನೇ ಬಂದು ಮುಚ್ಚಿಕೊಳ್ಳುತ್ತೆ. ಹೊಲದಲ್ಲಿ ಇದೇ ಗರಿಕೆಯನ್ನ ಕೀಳೋಕೆ ಆಗದೆ ನಾವು ಸುಸ್ತಾಗಿರೋದು ನೆನಪಿಸಿಕೊಳ್ಳಿ!

ದೊಡ್ಡ ಬೋಳು ಇದ್ದರೆ ಮೊದಲು ಕಾರಣ ಹುಡುಕಿ. ಹುಲ್ಲನ್ನ ಹಿಡಿದು ಎಳೆಯಿರಿ. ಚಾಪೆ ಥರ ಸಲೀಸಾಗಿ ಎದ್ದು ಬಂದರೆ ಕೆಳಗೆ ಗೊಣ್ಣೆ ಹುಳು ಬೇರು ತಿಂದಿರಬಹುದು, ಅಗೆದು ನೋಡಿ. ಒದ್ದೆ ನೆಲಕ್ಕೆ ಸ್ಕ್ರೂಡ್ರೈವರ್ ಚುಚ್ಚಿ. ಇಳಿಯದಿದ್ದರೆ ತುಳಿದು ಗಟ್ಟಿಯಾಗಿದೆ. ಗೆರೆ ಎಳೆದ ಹಾಗೆ ಸತ್ತಿದ್ದರೆ ಮಿಷನ್ನಿನ ಆಯಿಲ್ ಸೋರಿರಬಹುದು. ಮರದ ಕೆಳಗಿದ್ದರೆ ನೆರಳು; ಈ ಜಾತಿಗೆ ದಿನಕ್ಕೆ 6-8 ಗಂಟೆ ಬಿಸಿಲು ಬೇಕೇ ಬೇಕು. ಅಲ್ಲಿ ನೀವು ಎಷ್ಟು ಸಲ ಹುಲ್ಲು ಹಾಕಿದರೂ ಸಾಯುತ್ತೆ. "ಇಲ್ಲಿ ಬೇಡ ಸರ್" ಅಂತ ಹೇಳೋ ಧೈರ್ಯ ಬೇಕು.

ಕಾರಣ ಸಿಕ್ಕ ಮೇಲೆ, ಸತ್ತ ಭಾಗವನ್ನ ಚೌಕವಾಗಿ ಕತ್ತರಿಸಿ ತೆಗೆಯಿರಿ. ತಳ ಸಡಿಲ ಮಾಡಿ. ಅಲ್ಲಿ ಏನಿದೆಯೋ ಅದನ್ನೇ ತುಂಬಿ: ಮರಳಿದ್ದರೆ ಅದೇ ಥರದ ಮರಳು, ಮಣ್ಣಿದ್ದರೆ ಅದೇ ಥರದ ಮಣ್ಣು. ಎರಡು-ಮೂರು ಗೆಣ್ಣಿರುವ ಹುಲ್ಲಿನ ತುಂಡುಗಳನ್ನ ಒತ್ತಾಗಿ ನೆಟ್ಟು, ತುದಿ ಮಾತ್ರ ಹೊರಗೆ ಕಾಣೋ ಹಾಗೆ ತೆಳುವಾಗಿ ಮರಳು ಎರಚಿ, ಹಗುರವಾಗಿ ರೋಲರ್ ಹೊಡೆಯಿರಿ. ಮೊದಲ ಎರಡು ವಾರ ದಿನಕ್ಕೆ ನಾಲ್ಕೈದು ಸಲ, ಸ್ವಲ್ಪ ಸ್ವಲ್ಪವೇ ನೀರು. ಹಗ್ಗ ಕಟ್ಟಿ ಜನ ತುಳಿಯದ ಹಾಗೆ ನೋಡ್ಕೊಳ್ಳಿ. ಎಳೆದರೆ ಬರದ ಹಾಗೆ ಬೇರು ಹಿಡಿದ ಮೇಲೇ ಕತ್ತರಿಸಿ, ಅದೂ ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿಲ್ಲ. ನಮ್ಮ ಕಡೆ ಡಿಸೆಂಬರ್-ಜನವರಿ ಚಳಿಯಲ್ಲಿ ಇದು ನಿಧಾನ. ಬೇಸಿಗೆ ಮಳೆ ಬಿದ್ದ ಮೇಲೆ ಶುರು ಮಾಡೋದು ಒಳ್ಳೇದು.

ಇಲ್ಲೊಂದು ಎಚ್ಚರಿಕೆ. ಗಾಲ್ಫ್‌ನಲ್ಲಿ ಹೆಸರಾದ ಟಿಫ್‌ವೇ 419, ಟಿಫ್‌ಡ್ವಾರ್ಫ್ ಎಲ್ಲಾ ಹೈಬ್ರಿಡ್ ಗರಿಕೆ. ಇವು ಬೀಜ ಕಟ್ಟಲ್ಲ, ಗೆಣ್ಣಿನಿಂದಲೇ ಬೆಳೆಸಬೇಕು. "ಟಿಫ್‌ಡ್ವಾರ್ಫ್ ಬೀಜ" ಅಂತ ಆನ್‌ಲೈನಲ್ಲಿ ಯಾರಾದ್ರೂ ಮಾರಿದರೆ ದುಡ್ಡು ಹಾಕಬೇಡಿ.

ಈ ತಳಿಗಳನ್ನ ಮಾಡಿದವರು ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್ ಊರಿನಲ್ಲಿದ್ದ ಗ್ಲೆನ್ ಬರ್ಟನ್ ಅನ್ನೋ ವಿಜ್ಞಾನಿ. ಅವರು ಮೊದಲು ಕೆಲಸ ಮಾಡಿದ್ದು ದನದ ಮೇವಿನ ಹುಲ್ಲಿನ ಮೇಲೆ. ಅವರೇ ಬೆಳೆಸಿದ ಟಿಫ್ಟ್ 23ಎ ಅನ್ನೋ ಸಜ್ಜೆ ಸಾಲನ್ನ ತಾಯಿಯಾಗಿ ಬಳಸಿ ಪಂಜಾಬ್ ಕೃಷಿ ವಿಶ್ವವಿದ್ಯಾಲಯದವರು ಭಾರತದ ಮೊದಲ ಹೈಬ್ರಿಡ್ ಸಜ್ಜೆ ಎಚ್‌ಬಿ-1 ಮಾಡಿದರು. ಅದು ಬಿಡುಗಡೆ ಆಗಿದ್ದು 1965ರಲ್ಲಿ. ಗಾಲ್ಫ್ ಹುಲ್ಲು ಮಾಡಿದ ಕೈ ನಮ್ಮ ಸಜ್ಜೆಯನ್ನೂ ಮುಟ್ಟಿದೆ ನೋಡಿ. ಹಾಗಾಗಿ ಇದು ಶ್ರೀಮಂತರ ಹುಲ್ಲು, ನಮಗೆ ಬೇಡದ ವಿದ್ಯೆ ಅನ್ನಬೇಡಿ. ಇದೂ ಬೇಸಾಯವೇ.

ಈಗ ವ್ಯಾಪಾರದ ಮಾತು. ಗೆಣ್ಣು ಮಾರೋದರಲ್ಲಿ ಲಾಭ ಎಲ್ಲಿ ಅಂತ ಕೇಳ್ತೀರಿ. ಒಂದು ಚಾಪೆ ಬಿಡಿಸಿ ನೆಟ್ಟರೆ ಅದರ ಹಲವು ಪಟ್ಟು ಜಾಗ ತುಂಬುತ್ತೆ. ಲಾರಿ ಬಾಡಿಗೆ ಕಮ್ಮಿ, ಗೋಣಿಚೀಲದಲ್ಲಿ ತೇವ ಮಾಡಿ ಟಾಟಾ ಏಸ್‌ನಲ್ಲೇ ಸಾಗಿಸಬಹುದು. ಕಿತ್ತ ದಿನವೇ ನೆಟ್ಟುಬಿಡಬೇಕು ಅಷ್ಟೇ. ಹೊಲದಲ್ಲಿ ಬೇರು, ಮಣ್ಣು ಉಳಿಯುತ್ತೆ, ಮತ್ತೆ ಚಿಗುರುತ್ತೆ. ಹುಲ್ಲಿನ ಜೊತೆ ರಿಪೇರಿ ಕೆಲಸಕ್ಕೂ ರೇಟು ಹೇಳಬಹುದು. ಗಾಲ್ಫ್ ಮೈದಾನ ಕೆಲವೇ ಇರಬಹುದು, ಆದ್ರೆ ಶಾಲೆ ಮೈದಾನ, ಕ್ರಿಕೆಟ್ ಅಕಾಡೆಮಿ, ರೆಸಾರ್ಟ್ ಎಲ್ಲಾ ಕಡೆ ಇದೇ ಗಾಯ, ಇದೇ ಮದ್ದು.

ಕಷ್ಟ ಇಲ್ಲ ಅನ್ನಲ್ಲ. ಚಾಪೆ ಹಾಸಿದ ದಿನವೇ ಹಸಿರು. ಗೆಣ್ಣು ನೆಟ್ಟರೆ ತುಂಬೋಕೆ ಎರಡು ತಿಂಗಳಾದ್ರೂ ಬೇಕು. ಕಾಯೋ ಗಿರಾಕಿ ಕಮ್ಮಿ. ಮದುವೆ ಇದೆ, ಟೂರ್ನಮೆಂಟ್ ಇದೆ ಅಂತಾರೆ. ಅಂಥವರಿಗೆ ಚಾಪೆಯೇ ಬೇಕು ಅಂದ್ರೆ, ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೆ ತೊಳೆದ ಮರಳು, ಕಾಂಪೋಸ್ಟ್ ಹಾಕಿ ಬೇರೆಯಾಗಿ ಬೆಳೆಸಿ ಕೊಡಿ. ಖರ್ಚು ಜಾಸ್ತಿ, ರೇಟೂ ಜಾಸ್ತಿ ಹೇಳಿ. ಇನ್ನೊಂದು ಮಾತು: ಹುಲ್ಲಿಗೆ ಬೇಸಿಗೆಯಲ್ಲಿ ನೀರು ತಪ್ಪೋ ಹಾಗಿಲ್ಲ. ಬೋರ್‌ವೆಲ್ ಈಗಲೇ ಕೆಮ್ಮುತ್ತಿದ್ದರೆ ಈ ದಾರಿಗೇ ಬರಬೇಡಿ.

ಕೆಲಸ ಒಪ್ಪಿಕೊಳ್ಳೋ ಮುಂಚೆ ಫೋನ್ ಬಳಸಿ. ಆ ಜಾಗದ ಮಣ್ಣಿನ ತುಂಡು ಕೊಯ್ದು ಫೋಟೋ ತೆಗೀರಿ. ಯಾವ ತಳಿ, ತಳದಲ್ಲಿ ಏನಿದೆ, ಮೊದಲ ಮೂರು ವಾರ ನೀರು ಯಾರು ಹಾಕ್ತಾರೆ, ದುಡ್ಡು ಯಾವಾಗ, ಇವಿಷ್ಟನ್ನ ವಾಟ್ಸಾಪ್‌ನಲ್ಲಿ ಬರೆದು ಅವರಿಂದ "ಓಕೆ" ಅನ್ನಿಸಿಕೊಳ್ಳಿ. ನಾನು ಇಷ್ಟು ಮಾಡಿದ್ದಿದ್ದರೆ ಆ ಎರಡನೇ ಕಂತು ಕಳ್ಕೊತಿರಲಿಲ್ಲ.

ಈಗ ನಮ್ಮ ಹೊಲದಲ್ಲಿ ಹುಲ್ಲಿಗೆ ಇರೋದು 10 ಗುಂಟೆ ಮಾತ್ರ, ಅದೂ ಗೆಣ್ಣಿಗೆ. ಉಳಿದ 30 ಗುಂಟೆಗೆ ಎರಡು ಬೇಸಿಗೆ ಕೆರೆ ಗೋಡು ಹೊಡೆಸಿದೆ, ಸೆಣಬು ಬಿತ್ತಿ ಉತ್ತೆ. ಹೋದ ಸಲ ರಾಗಿ ಹಾಕಿದ್ವಿ. ಅಪ್ಪನ ಕಾಲದ ಇಳುವರಿ ಇನ್ನೂ ಬಂದಿಲ್ಲ. ಮೈದಾನದ ಬೋಳು ಎರಡು ತಿಂಗಳಲ್ಲಿ ಮುಚ್ಚಿತು, ನಮ್ಮ ಹೊಲದ ತಗ್ಗು ಮುಚ್ಚೋಕೆ ಎಷ್ಟು ವರ್ಷ ಬೇಕೋ.

ನಿಮ್ಮಲ್ಲಿ ಯಾರಾದ್ರೂ ಲಾನ್ ಹುಲ್ಲು ಬೆಳೀತಿದ್ದರೆ, ನಾಳೆ ಬೆಳಿಗ್ಗೆ ಒಂದು ಕೆಲಸ ಮಾಡಿ. ಬದು ಮೇಲೆ ನಿಂತು ನಿಮ್ಮ ಹೊಲ, ಪಕ್ಕದವರ ಹೊಲ ಎರಡರ ಮಟ್ಟ ನೋಡಿ. ಮುಂದಿನ ಲಾರಿ ತರಿಸೋದೋ ಬೇಡವೋ ಅಂತ ಆಮೇಲೆ ತೀರ್ಮಾನ ಮಾಡಿ.