ಸೈಕಲ್ ರೇಸಿನ ಒಳ ಒಪ್ಪಂದ: ಸಹಕಾರವೋ, ಮಾರಾಟವೋ?

ಬೆಲ್ಜಿಯಂನ ಲಿಯೇಜ್-ಬಾಸ್ತೋನ್-ಲಿಯೇಜ್, ವೃತ್ತಿಪರ ಸೈಕಲ್ ಲೋಕದ ಅತ್ಯಂತ ಹಳೆಯ ರೇಸುಗಳಲ್ಲೊಂದು. ಆರಂಭವಾದದ್ದು 1892ರಲ್ಲಿ. 2010ರ ಏಪ್ರಿಲ್ 25ರಂದು ನಡೆದ ಸ್ಪರ್ಧೆಯ ಅಂತಿಮ ಘಟ್ಟದಲ್ಲಿ ಕಜಕಸ್ತಾನದ ಅಲೆಕ್ಸಾಂಡರ್ ವಿನೊಕುರೊವ್ ಮತ್ತು ರಷ್ಯಾದ ಅಲೆಕ್ಸಾಂಡರ್ ಕೊಲೊಬ್ನೆವ್ ಉಳಿದವರನ್ನು ಹಿಂದಿಕ್ಕಿ ಜೊತೆಯಾಗಿ ಮುನ್ನುಗ್ಗಿದರು. ಗೆದ್ದವರು ವಿನೊಕುರೊವ್. ಆ ಗೆಲುವಿಗೆ ಹಣ ಕೈಬದಲಾಗಿದೆ ಎಂಬ ಆರೋಪ, ಇಬ್ಬರ ನಡುವಿನದೆನ್ನಲಾದ ಇ-ಮೇಲ್‌ಗಳ ಸಮೇತ, 2011ರಲ್ಲಿ ಸ್ವಿಸ್ ನಿಯತಕಾಲಿಕವೊಂದರಲ್ಲಿ ಪ್ರಕಟವಾಯಿತು.

ಅಭಿಯೋಜಕರ ಪ್ರಕಾರ ಸಂದಾಯವಾದ ಮೊತ್ತ 1.5 ಲಕ್ಷ ಯೂರೋ. ಅದು ಸಾಲವೆಂಬುದು ವಿನೊಕುರೊವ್ ವಾದ. ಸಾಕಷ್ಟು ಸಾಕ್ಷ್ಯಾಧಾರವಿಲ್ಲವೆಂದು ಲಿಯೇಜ್ ನ್ಯಾಯಾಲಯವು 2019ರ ನವೆಂಬರ್‌ನಲ್ಲಿ ಇಬ್ಬರನ್ನೂ ಖುಲಾಸೆಗೊಳಿಸಿತು. ಆರೋಪ ಸಾಬೀತಾಗಲಿಲ್ಲ; ಆದರೆ ಅದು ಎತ್ತಿದ ನೈತಿಕ ಪ್ರಶ್ನೆ ಉಳಿದುಕೊಂಡಿದೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಎದುರಾಳಿಯ ಸಹಕಾರವಿಲ್ಲದೆ ಈ ಆಟವೇ ಸಾಗದು. ಮುಂದಿರುವವನು ಗಾಳಿಯನ್ನು ಸೀಳಿದರೆ ಹಿಂದಿರುವವನ ಶ್ರಮ ಗಣನೀಯವಾಗಿ ಉಳಿಯುತ್ತದೆ. ಗುಂಪಿನಿಂದ ಬೇರ್ಪಟ್ಟ ಇಬ್ಬರು ಸರದಿಯಂತೆ ಮುಂದೆ ಬಾರದಿದ್ದರೆ ಬೆನ್ನಟ್ಟಿ ಬರುವ ಗುಂಪು ಇಬ್ಬರನ್ನೂ ನುಂಗಿಹಾಕುತ್ತದೆ. ಹೀಗಾಗಿ ಕೊಡು-ಕೊಳ್ಳುವಿಕೆ ಅನಿವಾರ್ಯ. 1991ರ ಟೂರ್ ಡಿ ಫ್ರಾನ್ಸ್‌ನಲ್ಲಿ ವಾಲ್ ಲೂರೋನ್ ಏರುದಾರಿಗೆ ಸ್ಪೇನ್‌ನ ಮಿಗುಯೆಲ್ ಇಂಡುರೇನ್ ಹಾಗೂ ಇಟಲಿಯ ಕ್ಲಾಡಿಯೋ ಕಿಯಾಪುಚ್ಚಿ ಒಟ್ಟಿಗೇ ತಲುಪಿದರು. ಆ ದಿನದ ಜಯ ಕಿಯಾಪುಚ್ಚಿಗೆ, ಒಟ್ಟಾರೆ ಮುನ್ನಡೆಯ ಹಳದಿ ಅಂಗಿ ಇಂಡುರೇನ್‌ಗೆ. ಇದನ್ನು ಯಾರೂ ಮೋಸವೆನ್ನಲಿಲ್ಲ.

ಹಾಗಾದರೆ ಗೆರೆ ಎಲ್ಲಿದೆ? ಅಂದು ವಿನಿಮಯವಾದದ್ದು ರಸ್ತೆಯ ಮೇಲೆ ಸುರಿಸಿದ ಬೆವರು. ಇಬ್ಬರೂ ತಮ್ಮ ತಮ್ಮ ಗುರಿಗಾಗಿಯೇ ದುಡಿದರು. ಎಲ್ಲವೂ ಪ್ರೇಕ್ಷಕರ ಕಣ್ಣೆದುರೇ ನಡೆಯಿತು. ಹಣ ಬಂದಾಗ ಲೆಕ್ಕ ಬದಲಾಗುತ್ತದೆ. ಸೋಲನ್ನು ಮಾರುವವನು ತನ್ನದಲ್ಲದ್ದನ್ನೂ ಮಾರುತ್ತಾನೆ. ಅವನಿಗಾಗಿ ದಿನವಿಡೀ ಗಾಳಿಗೆ ಎದೆಯೊಡ್ಡಿದ, ಬಹುಮಾನದಲ್ಲಿ ಪಾಲು ಪಡೆಯುವ ಸಹ ಸವಾರರ ಶ್ರಮ ಅದರಲ್ಲಿ ಸೇರಿರುತ್ತದೆ. ಮೇಲಾಗಿ, ಬಹಿರಂಗವಾಗಿ ಹೇಳಿಕೊಳ್ಳಲಾಗದ ಒಪ್ಪಂದ ಅದು.

ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ನಿಯಮಾವಳಿ ಫಲಿತಾಂಶವನ್ನು ಕೆಡಿಸುವ ಒಳಸಂಚನ್ನು ನಿಷೇಧಿಸುತ್ತದೆ. ಆದರೆ ದಣಿದು ಹಿಂದೆ ಬಿದ್ದವನಿಗೂ ಬೇಕೆಂದೇ ಹಿಂದೆ ಉಳಿದವನಿಗೂ ಇರುವ ವ್ಯತ್ಯಾಸವನ್ನು ಸಾಬೀತುಪಡಿಸುವುದು ಸುಲಭವಲ್ಲ.

ಕಾನೂನಿನ ಈ ಇಕ್ಕಟ್ಟು ಕನ್ನಡಿಗರಿಗೂ ಅಪರಿಚಿತವಲ್ಲ. ಕರ್ನಾಟಕ ಪ್ರೀಮಿಯರ್ ಲೀಗ್ ಕ್ರಿಕೆಟ್‌ನ ಮ್ಯಾಚ್ ಫಿಕ್ಸಿಂಗ್ ಪ್ರಕರಣದಲ್ಲಿ, ಅಂಥ ಕೃತ್ಯವು ಭಾರತೀಯ ದಂಡ ಸಂಹಿತೆಯ 420ನೇ ಕಲಮಿನಡಿ ವಂಚನೆಯಾಗದು, ಕ್ರಮ ಕೈಗೊಳ್ಳಬೇಕಾದದ್ದು ಕ್ರಿಕೆಟ್ ಮಂಡಳಿ ಎಂದು ರಾಜ್ಯ ಹೈಕೋರ್ಟ್ 2022ರ ಜನವರಿಯಲ್ಲಿ ತೀರ್ಪಿತ್ತಿತು. ರಾಜ್ಯ ಸರ್ಕಾರ ಇದರ ವಿರುದ್ಧ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು.

ಲಿಯೇಜ್‌ನಲ್ಲಿ ಕೊರತೆಯಾದದ್ದು ಸಾಕ್ಷ್ಯ, ಬೆಂಗಳೂರಿನಲ್ಲಿ ಕಾನೂನಿನ ಕಲಮು. ಪಾಠ ಮಾತ್ರ ಒಂದೇ: ಆಟದ ಪ್ರಾಮಾಣಿಕತೆಯನ್ನು ನ್ಯಾಯಾಲಯದ ಹೆಗಲಿಗೇರಿಸಿ ಕ್ರೀಡಾ ಸಂಸ್ಥೆಗಳು ಕೈತೊಳೆದುಕೊಳ್ಳುವಂತಿಲ್ಲ. ಎದುರಾಳಿಯೊಡನೆ ಮಾಡಿಕೊಂಡ ಒಪ್ಪಂದವನ್ನು ರೇಸ್ ಮುಗಿದ ಮೇಲೆ ತನ್ನದೇ ತಂಡದ ಮುಂದೆ ಹೇಳಿಕೊಳ್ಳಲು ಸಾಧ್ಯವೇ? ಸವಾರನ ಆತ್ಮಸಾಕ್ಷಿಗೆ ಇದಕ್ಕಿಂತ ಸರಳವಾದ ಒರೆಗಲ್ಲು ಬೇಕಿಲ್ಲ.