ವಂಶದ ನೆಪ, ನಿದ್ದೆಯ ಸಾಲ

ಡೊಂಬಿವಲಿ, ಕಲ್ಯಾಣ, ಥಾಣೆಗಳಲ್ಲಿ ನೆಲೆಸಿದ ಕನ್ನಡಿಗರಾದ ನಾವು ಸಕ್ಕರೆ ಕಾಯಿಲೆಗೆ ವೈದ್ಯರಲ್ಲಿಗೆ ಹೋಗುತ್ತೇವೆ. ನಿದ್ದೆಯ ತೊಂದರೆಗೆ ಮಾತ್ರ ವಂಶವೃಕ್ಷದ ಮೊರೆ ಹೋಗುತ್ತೇವೆ. ‘ಅಪ್ಪನಿಗೂ ಹೀಗೆಯೇ ಇತ್ತು, ಅಜ್ಜನೂ ಗೊರಕೆ ಹೊಡೆಯುತ್ತಿದ್ದರು, ನಮ್ಮ ಮನೆತನವೇ ಹೀಗೆ’ ಎಂದು ಕೈತೊಳೆದುಕೊಳ್ಳುತ್ತೇವೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಅಪಾಯವಿರುವುದೂ ಅಲ್ಲಿಯೇ.

ವಂಶದ ಪಾತ್ರವನ್ನು ನಾವು ಅಲ್ಲಗಳೆಯುವುದಿಲ್ಲ. ಹಣ್ಣುನೊಣದ ದಿನಲಯವನ್ನು ಆಳುವ ವಂಶವಾಹಿಯ ಸುಳಿವು 1971ರಲ್ಲೇ ಸಿಕ್ಕಿತು. ಆ ಒಳಗಡಿಯಾರದ ಗುಟ್ಟು ಬಿಡಿಸಿದ ಮೂವರಿಗೆ 2017ರ ನೊಬೆಲ್ ಬಂತು. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ವಿಜಯ್ ಕುಮಾರ್ ಶರ್ಮ ಅವರ ತಂಡ, ಮುಂಜಾನೆ ಕೋಶದಿಂದ ಹೊರಬರುವ ನೊಣಗಳನ್ನೂ ಸಂಜೆ ಹೊರಬರುವವನ್ನೂ ತಲೆಮಾರುಗಟ್ಟಲೆ ಬೇರೆಬೇರೆಯಾಗಿ ಆಯ್ದು ಸಾಕಿ, ಭಿನ್ನ ಗಡಿಯಾರಗಳ ಎರಡು ಸಂತತಿಗಳನ್ನೇ ಪಡೆಯಿತು. ಸಂಜೆಯೇ ನಿದ್ದೆಗೆ ಜಾರಿ ಬೆಳಗಾಗುವ ಮುನ್ನವೇ ಎಚ್ಚರಗೊಳ್ಳುವ ಅಮೆರಿಕದ ಕುಟುಂಬವೊಂದರಲ್ಲಿ, ಒಂದೇ ವಂಶವಾಹಿಯ ಬದಲಾವಣೆ ಇದಕ್ಕೆ ಕಾರಣವೆಂದು 2001ರಲ್ಲಿ ತಿಳಿಯಿತು.

ಆದರೆ ಅಂಥ ಕುಟುಂಬಗಳು ವಿರಳ. ಉಳಿದವರಿಗೆ ವಂಶ ಕೊಡುವುದು ಒಲವನ್ನು, ತೀರ್ಪನ್ನಲ್ಲ. ತಂದೆ, ಮಗ ಇಬ್ಬರೂ ನಸುಕಿನ ಕಲ್ಯಾಣ ಲೋಕಲ್ ಹಿಡಿದವರಾದರೆ, ಅವರ ನಿದ್ದೆಗೇಡು ಬಂದದ್ದು ರಕ್ತದಿಂದಲೋ ರೈಲಿನ ವೇಳಾಪಟ್ಟಿಯಿಂದಲೋ? ನವಿ ಮುಂಬಯಿಯ ಹೋಟೆಲಿನಲ್ಲಿ ತಂದೆಯ ಬಳಿಕ ಮಗನೂ ನಡುರಾತ್ರಿಯವರೆಗೆ ಗಲ್ಲಾದಲ್ಲಿ ಕುಳಿತರೆ, ಬಳುವಳಿಯಾಗಿ ಬಂದದ್ದು ಮೊದಲು ಗಲ್ಲಾ. ಎಲ್ಲರಿಗಿಂತ ಮೊದಲೆದ್ದು ಡಬ್ಬ ಕಟ್ಟುವ ತಾಯಿ, ಅವಳ ಬಳಿಕ ಸೊಸೆ: ಇವರಿಬ್ಬರ ನಡುವೆ ರಕ್ತಸಂಬಂಧವೇ ಇಲ್ಲ, ನಿದ್ದೆಯ ಕೊರತೆ ಮಾತ್ರ ಒಂದೇ!

ನಿಜವಾಗಿ ವಂಶದಿಂದ ಬಂದದ್ದಕ್ಕೂ ಮದ್ದಿದೆ. ದವಡೆಯ ಆಕಾರ, ಗಂಟಲಿನ ಇಕ್ಕಟ್ಟು, ಬೊಜ್ಜಿನ ಒಲವು ಮನೆತನದಲ್ಲಿ ಇಳಿದುಬರಬಹುದು. ಆದರೆ ನಿದ್ದೆಯಲ್ಲಿ ಮತ್ತೆಮತ್ತೆ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾವನ್ನು ಪರೀಕ್ಷೆಯಿಂದ ಪತ್ತೆಹಚ್ಚಬಹುದು, ತೂಕ ಇಳಿಸಿ, ಸಿಪ್ಯಾಪ್ ಯಂತ್ರ ಬಳಸಿ ಹತೋಟಿಗೆ ತರಬಹುದು. ಅಲಕ್ಷಿಸಿದರೆ ರಕ್ತದೊತ್ತಡ ಏರುತ್ತದೆ, ಹೃದಯ ಬಳಲುತ್ತದೆ. ರಾತ್ರಿ ಕಾಲು ಚಡಪಡಿಸುವ ತೊಂದರೆಯೂ ಮನೆತನದಲ್ಲಿ ಹರಿಯುವುದುಂಟು. ಆದರೆ ಕಬ್ಬಿಣಾಂಶದ ಕೊರತೆಯೂ ಅದನ್ನು ಕೆರಳಿಸುತ್ತದೆ, ಅದಕ್ಕೆ ರಕ್ತಪರೀಕ್ಷೆ ಸಾಕು.

ಆದುದರಿಂದ ‘ಅಪ್ಪನಿಗೂ ಇತ್ತು’ ಎಂಬುದು ವೈದ್ಯರೆದುರು ಆಡಬೇಕಾದ ಮೊದಲ ಮಾತು, ವೈದ್ಯರಲ್ಲಿಗೆ ಹೋಗದಿರಲು ಕೊಡುವ ನೆಪವಲ್ಲ. ವೇಳಾಪಟ್ಟಿಯ ತಪ್ಪನ್ನು ವಂಶದ ತಲೆಗೆ ಕಟ್ಟುವುದನ್ನು ಬಿಟ್ಟು, ಕಚೇರಿಯ ವೇಳೆ ಸಡಿಲವಾಗಲಿ ಎಂದು ನೌಕರರಾದ ನಾವೇ ಕೇಳಬೇಕು. ಹಿರಿಯರಿಂದ ಕನ್ನಡವನ್ನು ಬಳುವಳಿಯಾಗಿ ಪಡೆದೆವು. ಅವರ ನಿದ್ದೆಯ ಸಾಲವನ್ನೂ ಮಕ್ಕಳಿಗೆ ದಾಟಿಸಬೇಕಾಗಿಲ್ಲ.