ಶೇಕಡಾ ನಾಲ್ಕರ ಋಣ ಎಷ್ಟು ಚುನಾವಣೆಗಳದ್ದು?

ಮಂಡ್ಯ, ಮದ್ದೂರು, ಮಳವಳ್ಳಿಗಳ ಮುಸ್ಲಿಮರು ಈಚಿನ ವರ್ಷಗಳಲ್ಲಿ ಕೇಳಬೇಕಾಗಿ ಬಂದ ಒಂದು ಮಾತಿದೆ: 'ನೀವು ಋಣ ಮರೆತಿರಿ.' 2023ರ ವಿಧಾನಸಭಾ ಚುನಾವಣೆಯಲ್ಲಿ ಜಾತ್ಯತೀತ ಜನತಾದಳವನ್ನು ಬಿಟ್ಟು ಕಾಂಗ್ರೆಸಿನತ್ತ ಹೊರಳಿದ ಮತದಾರರನ್ನು ಉದ್ದೇಶಿಸಿದ ಮಾತಿದು. ಮೀಸಲಾತಿ ಕೊಟ್ಟವರು ದೇವೇಗೌಡರಲ್ಲವೇ, ಕಷ್ಟಕಾಲದಲ್ಲಿ ಜೊತೆಗಿದ್ದುದು ತೆನೆ ಹೊತ್ತ ಮಹಿಳೆಯ ಪಕ್ಷವಲ್ಲವೇ ಎಂದು ಕೇಳುವವರು ಹೊರಗಿನವರು ಮಾತ್ರವಲ್ಲ, ನಮ್ಮ ಮನೆಗಳ ಹಿರಿಯರಲ್ಲಿಯೂ ಇದ್ದಾರೆ. ಆದ್ದರಿಂದ ಈ ಆರೋಪವನ್ನು ನಕ್ಕು ತಳ್ಳಿಹಾಕುವುದು ಸರಿಯಲ್ಲ. ಅದನ್ನು ಪ್ರಾಮಾಣಿಕವಾಗಿ ಪರಿಶೀಲಿಸಬೇಕು. ಋಣ ಎಂಬುದೊಂದು ಇತ್ತೆಂದಾದರೆ ಅದು ಯಾವುದರ ಋಣ? ಅದರ ಅವಧಿ ಎಷ್ಟು?

1992ರ ಡಿಸೆಂಬರ್ 6ರಂದು ಬಾಬರಿ ಮಸೀದಿ ಧ್ವಂಸಗೊಂಡಾಗ ಕೇಂದ್ರದಲ್ಲಿದ್ದುದು ಕಾಂಗ್ರೆಸ್ ಸರಕಾರ. ಅದರ ನಿಷ್ಕ್ರಿಯತೆಯನ್ನು ಕಂಡು ದೇಶದ ಮುಸ್ಲಿಮರು ಭ್ರಮನಿರಸನಗೊಂಡರು. ತಲೆತಲಾಂತರದಿಂದ 'ಕೈ'ಗೆ ಮತ ಹಾಕಿದ್ದ ಕುಟುಂಬಗಳು ಕೂಡ ಬೇರೆ ದಾರಿ ಹುಡುಕತೊಡಗಿದವು. 1994ರ ಚುನಾವಣೆಯಲ್ಲಿ ಜನತಾದಳ ಗೆದ್ದು ದೇವೇಗೌಡರು ಮುಖ್ಯಮಂತ್ರಿಯಾದರು. 1995ರಲ್ಲಿ ಮುಸ್ಲಿಮರಿಗೆ 2ಬಿ ಪ್ರವರ್ಗದಡಿ ಶೇ. 4ರ ಮೀಸಲಾತಿ ಜಾರಿಗೆ ಬಂತು. ಇದನ್ನು ಕೃತಜ್ಞತೆಯಿಂದ ನೆನೆಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ದಾನವಾಗಿರಲಿಲ್ಲ. ದೇವರಾಜ ಅರಸರ ಸರಕಾರ 1977ರಲ್ಲಿಯೇ ಮುಸ್ಲಿಮರನ್ನು ಹಿಂದುಳಿದ ವರ್ಗವೆಂದು ಪರಿಗಣಿಸಿತ್ತು. ಚಿನ್ನಪ್ಪ ರೆಡ್ಡಿ ಆಯೋಗವೂ ಅದನ್ನೇ ಹೇಳಿತ್ತು. 1994ರಲ್ಲಿ ವೀರಪ್ಪ ಮೊಯಿಲಿಯವರ ಸರಕಾರ ಆದೇಶ ಹೊರಡಿಸಿತ್ತು. ಹಿಂದುಳಿದಿರುವಿಕೆಯ ಆಧಾರದ ಮೇಲೆ ದೊರೆತ ಹಕ್ಕನ್ನು ಯಾರೋ ಒಬ್ಬರ ಕೊಡುಗೆಯೆಂದು ಬಗೆದು ಮೊಮ್ಮಕ್ಕಳ ಕಾಲದವರೆಗೂ ಅದರ ಬಡ್ಡಿ ಕಟ್ಟುತ್ತಿರಬೇಕು ಎಂಬುದು ಪ್ರಜಾಪ್ರಭುತ್ವದ ಭಾಷೆಯಲ್ಲ.

ಹಾಗೆಂದು ಬಡ್ಡಿ ಕಟ್ಟಲಿಲ್ಲವೇ? ಕಟ್ಟಿದ್ದೇವೆ. 1999ರಲ್ಲಿ ಜನತಾದಳ ಒಡೆಯಿತು. ಒಂದು ಬಣ ಬಿಜೆಪಿಯ ಮೈತ್ರಿಕೂಟದತ್ತ ನಡೆದಾಗ ಅದನ್ನು ಒಪ್ಪದ ದೇವೇಗೌಡರ ಬಣ 'ಜಾತ್ಯತೀತ' ಎಂಬ ವಿಶೇಷಣದೊಂದಿಗೆ ನಿಂತಿತು. ಆ ಒಂದು ಪದವನ್ನು ನಂಬಿ ಸಮುದಾಯದ ದೊಡ್ಡ ಭಾಗ ಅದರ ಬೆನ್ನಿಗಿತ್ತು. 2006ರ ಫೆಬ್ರವರಿಯಲ್ಲಿ ಅದೇ ಪಕ್ಷ ಬಿಜೆಪಿಯ ಜೊತೆ ಸೇರಿ ಸರಕಾರ ರಚಿಸಿತು. ಕುಮಾರಸ್ವಾಮಿಯವರು ಮುಖ್ಯಮಂತ್ರಿ, ಯಡಿಯೂರಪ್ಪನವರು ಉಪಮುಖ್ಯಮಂತ್ರಿ! ದಕ್ಷಿಣ ಭಾರತದಲ್ಲಿ ಬಿಜೆಪಿಗೆ ವಿಧಾನಸೌಧದ ಬಾಗಿಲು ತೆರೆದುಕೊಟ್ಟವರು 'ಜಾತ್ಯತೀತ'ರೇ ಎಂಬ ನೋವನ್ನು ನುಂಗಿಕೊಂಡೂ ಹಲವರು ಕಾಲಕ್ರಮೇಣ ಅದೇ ಪಕ್ಷಕ್ಕೆ ಮರಳಿದರು. 2018ರಲ್ಲಿ ಮಂಡ್ಯ ಜಿಲ್ಲೆಯ 7 ಕ್ಷೇತ್ರಗಳನ್ನೂ ಅದು ಗೆದ್ದುಕೊಂಡಿತು. ಮರುವರ್ಷವೇ ಕೆ.ಆರ್. ಪೇಟೆಯ ಶಾಸಕರು ರಾಜೀನಾಮೆಯಿತ್ತು ಬಿಜೆಪಿ ಸೇರಿದರು. ಡಿಸೆಂಬರಿನ ಉಪಚುನಾವಣೆಯಲ್ಲಿ ಗೆದ್ದು ಜಿಲ್ಲೆಯಲ್ಲಿ ಆ ಪಕ್ಷದ ಖಾತೆ ತೆರೆದರು. ತೆನೆಗೆ ಹಾಕಿದ ಮತ ಕಮಲವಾಗಿ ಅರಳಿದ ಬಗೆಯಿದು.

ನ್ಯಾಯವಾಗಿ ಮಾತಾಡುವುದಾದರೆ ಇನ್ನೊಂದು ಮುಖವನ್ನೂ ಹೇಳಬೇಕು. 2022ರಲ್ಲಿ ಮಂಡ್ಯದ ಕಾಲೇಜೊಂದರ ಆವರಣದಲ್ಲಿ ಹಿಜಾಬ್ ಧರಿಸಿದ ವಿದ್ಯಾರ್ಥಿನಿಯ ಎದುರು ಕೇಸರಿ ಶಾಲಿನ ಗುಂಪು ಘೋಷಣೆ ಕೂಗಿದ ವರ್ಷ, ಹಲಾಲ್ ಮಾಂಸದ ವಿರುದ್ಧ ಅಭಿಯಾನ ನಡೆದ ವರ್ಷ, ಕುಮಾರಸ್ವಾಮಿಯವರು ಆ ಅಭಿಯಾನವನ್ನು ಬಹಿರಂಗವಾಗಿ ಖಂಡಿಸಿದ್ದರು. 2023ರ ಮಾರ್ಚಿನಲ್ಲಿ ಪ್ರಧಾನಿಯವರ ಭೇಟಿಯ ವೇಳೆ ಮಂಡ್ಯದಲ್ಲಿ ಉರಿಗೌಡ, ನಂಜೇಗೌಡರ ಹೆಸರಿನ ಕಮಾನು ಎದ್ದಾಗ, ಟಿಪ್ಪುವನ್ನು ಕೊಂದವರು ಒಕ್ಕಲಿಗರೆಂಬ ಕಥೆಯನ್ನು ಅವರು ಬಲವಾಗಿ ವಿರೋಧಿಸಿದರು. ಅದಾಗಿ ಕೆಲವೇ ತಿಂಗಳಲ್ಲಿ, 2023ರ ಸೆಪ್ಟೆಂಬರಿನಲ್ಲಿ, ಅದೇ ಪಕ್ಷ ಬಿಜೆಪಿ ನೇತೃತ್ವದ ಎನ್‌ಡಿಎ ಸೇರಿತು. ವಿರೋಧಿಸಿದ ರಾಜ್ಯಾಧ್ಯಕ್ಷ ಸಿ.ಎಂ. ಇಬ್ರಾಹಿಂ ಅವರು ಸ್ಥಾನ ಕಳೆದುಕೊಂಡರು. 2024ರ ಜನವರಿಯಲ್ಲಿ ಕೆರಗೋಡಿನ ಹನುಮಧ್ವಜದ ವಿವಾದ ಭುಗಿಲೆದ್ದಾಗ ಕುಮಾರಸ್ವಾಮಿಯವರು ಕೇಸರಿ ಶಾಲು ಹೊದ್ದು ಪ್ರತಿಭಟನೆಯಲ್ಲಿ ಕಾಣಿಸಿಕೊಂಡರು. ಅದೇ ವರ್ಷ ಮಂಡ್ಯದಿಂದ ಲೋಕಸಭೆಗೆ ಗೆದ್ದು ಕೇಂದ್ರ ಸಚಿವರಾದರು. ಈಗ ಹೇಳಿ, ಋಣ ಮರೆತವರು ಯಾರು?

ಅಷ್ಟಕ್ಕೂ ಪಕ್ಷ ಬದಲಿಸುವುದು ಪಾಪವೆಂದಾದರೆ ಈ ಜಿಲ್ಲೆಯಲ್ಲಿ ಅದರ ಪಾಲುದಾರರು ಯಾರಿಲ್ಲ? ಮದ್ದೂರಿನ ಹೆಮ್ಮೆಯ ಎಸ್.ಎಂ. ಕೃಷ್ಣ ಅವರು ಕಾಂಗ್ರೆಸಿನಿಂದ ಮುಖ್ಯಮಂತ್ರಿ, ರಾಜ್ಯಪಾಲ, ವಿದೇಶಾಂಗ ಸಚಿವ ಎಲ್ಲವೂ ಆದ ಬಳಿಕ 2017ರಲ್ಲಿ ಬಿಜೆಪಿ ಸೇರಿದರು. ಮಳವಳ್ಳಿಯ ಪಿ.ಎಂ. ನರೇಂದ್ರಸ್ವಾಮಿಯವರು 2008ರಲ್ಲಿ ಪಕ್ಷೇತರರಾಗಿ ಗೆದ್ದು ಬಿಜೆಪಿ ಸರಕಾರದಲ್ಲಿ ಸಚಿವರಾಗಿದ್ದವರು. 2013ರಲ್ಲಿ ಮತ್ತು 2023ರಲ್ಲಿ ಗೆದ್ದದ್ದು ಕಾಂಗ್ರೆಸಿನಿಂದ. ನಾಗಮಂಗಲದ ಚೆಲುವರಾಯಸ್ವಾಮಿಯವರು ಜನತಾದಳದ ಗರಡಿಯಲ್ಲಿಯೇ ಪಳಗಿದವರು. ನಾಯಕರು ಪಕ್ಷ ಬದಲಿಸಿದರೆ ಅದು ರಾಜಕೀಯ ಜಾಣ್ಮೆ, ಸಾಮಾನ್ಯ ಮತದಾರ ಬದಲಿಸಿದರೆ ಅದು ದ್ರೋಹ! ಈ ಇಬ್ಬಗೆಯ ನೀತಿಯನ್ನು ನಾವು ಒಪ್ಪಬೇಕಾಗಿಲ್ಲ.

ಆದರೆ ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಪಕ್ಷವನ್ನು ಬಿಡುವುದು ಬೇರೆ, ನೆರೆಯವರನ್ನು ಬಿಡುವುದು ಬೇರೆ. ಮಂಡ್ಯ ಜಿಲ್ಲೆಯಲ್ಲಿ ಮುಸ್ಲಿಮರ ಸಂಖ್ಯೆ ಶೇ. 4ರ ಆಸುಪಾಸು. ನಮ್ಮ ಅಂಗಡಿಗೆ ಬರುವ ಗಿರಾಕಿ, ನಮ್ಮ ಗ್ಯಾರೇಜಿಗೆ ಟ್ರ್ಯಾಕ್ಟರ್ ತರುವ ರೈತ, ಎಳನೀರು ಮಾರುಕಟ್ಟೆಯಲ್ಲಿ ನಮ್ಮೊಂದಿಗೆ ವ್ಯವಹರಿಸುವವನು ಬಹುತೇಕ ಒಕ್ಕಲಿಗ ಅಥವಾ ದಲಿತ ಬಂಧು. ಕಾವೇರಿಯ ನೀರು ನಿಂತರೆ, ಕಬ್ಬಿನ ಬಾಕಿ ಬರದಿದ್ದರೆ ಅವನ ಜೇಬಿನೊಂದಿಗೆ ನಮ್ಮ ಗಲ್ಲಾಪೆಟ್ಟಿಗೆಯೂ ಬರಿದಾಗುತ್ತದೆ. ಜನತಾದಳದೊಂದಿಗೆ ನಮಗಿದ್ದ ನಂಟು ನಿಜವಾಗಿ ಈ ನೆರೆಹೊರೆಯ ನಂಟೇ ಆಗಿತ್ತು. ಅದು ಚಿಹ್ನೆಯೊಂದಿಗೆ ಕಡಿದುಹೋಗಬಾರದು.

ಕಡಿದುಹೋಗಬೇಕಾಗಿಯೂ ಇಲ್ಲ ಎಂಬುದಕ್ಕೆ 2023ರ ಫಲಿತಾಂಶವೇ ಸಾಕ್ಷಿ. ಚುನಾವಣೆಗೆ ಮುನ್ನ ಬೊಮ್ಮಾಯಿ ಸರಕಾರ ಮುಸ್ಲಿಮರ ಶೇ. 4ರ ಮೀಸಲಾತಿಯನ್ನು ರದ್ದುಪಡಿಸಿ ಒಕ್ಕಲಿಗರಿಗೆ ಶೇ. 2, ಲಿಂಗಾಯತರಿಗೆ ಶೇ. 2 ಹಂಚಲು ನಿರ್ಧರಿಸಿತು. ವಿಷಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದಾಗ, ಸದ್ಯಕ್ಕೆ ಜಾರಿಗೊಳಿಸುವುದಿಲ್ಲವೆಂದು ಸರಕಾರವೇ ಭರವಸೆ ನೀಡಬೇಕಾಯಿತು. ಒಬ್ಬನ ತಟ್ಟೆಯಿಂದ ತೆಗೆದು ಪಕ್ಕದವನ ತಟ್ಟೆಗೆ ಬಡಿಸಿದ ಆ ತುತ್ತಿಗೂ, ಉರಿಗೌಡರ ಕಥೆಗೂ ಮಂಡ್ಯದ ಒಕ್ಕಲಿಗರು ಮರುಳಾಗಲಿಲ್ಲ. ಆ ಚುನಾವಣೆಯಲ್ಲಿ ಜಿಲ್ಲೆಯ 7 ಕ್ಷೇತ್ರಗಳಲ್ಲಿ ಒಂದನ್ನೂ ಬಿಜೆಪಿ ಗೆಲ್ಲಲಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಸೇರಿ 5 ಕಾಂಗ್ರೆಸಿಗೆ ದೊರೆತವು. ಮೇಲುಕೋಟೆಯಲ್ಲಿ ರೈತಸಂಘದ ದರ್ಶನ್ ಪುಟ್ಟಣ್ಣಯ್ಯ ಗೆದ್ದರು. ಈ ಗೆಲುವು ಶೇ. 4ರ ಸಮುದಾಯವೊಂದರಿಂದ ಆದದ್ದಲ್ಲ. ನೆರೆಯವರ ವಿವೇಕ ಅದರ ಹಿಂದಿತ್ತು. ಅದಕ್ಕೂ ನಾವು ಕೃತಜ್ಞರಾಗಬೇಡವೇ?

ಇನ್ನು ನಾವು ಆರಿಸಿದ ಆಡಳಿತ ಪಕ್ಷದ ವಿಚಾರ. ಹಳೆಯ ಪಕ್ಷಕ್ಕೆ ಕೇಳಿದ ಪ್ರಶ್ನೆಯನ್ನು ಹೊಸ ಪಕ್ಷಕ್ಕೂ ಕೇಳದಿದ್ದರೆ ನಮ್ಮ ಭ್ರಮನಿರಸನಕ್ಕೆ ಅರ್ಥವೇ ಇಲ್ಲ. 2023ರ ಡಿಸೆಂಬರಿನಲ್ಲಿ ಹಿಜಾಬ್ ನಿರ್ಬಂಧದ ಆದೇಶವನ್ನು ಹಿಂಪಡೆಯಲು ಸೂಚಿಸಿರುವುದಾಗಿ ಹೇಳಿದ ಮುಖ್ಯಮಂತ್ರಿಗಳು ಮರುದಿನವೇ ವಿಷಯ ಪರಿಶೀಲನೆಯಲ್ಲಿದೆ ಎಂದರು. 2024ರ ಸೆಪ್ಟೆಂಬರಿನಲ್ಲಿ ನಾಗಮಂಗಲದಲ್ಲಿ ಗಣೇಶ ಮೆರವಣಿಗೆಯ ಸಂದರ್ಭದ ಗಲಭೆಯಲ್ಲಿ ಅಂಗಡಿಗಳು ಉರಿದವು. ಮರುವರ್ಷದ ಸೆಪ್ಟೆಂಬರಿನಲ್ಲಿ ಮದ್ದೂರಿನಲ್ಲಿ ಮೆರವಣಿಗೆಯ ಮೇಲೆ ಕಲ್ಲುಗಳು ಬಿದ್ದು ಊರು ಕುದಿಯಿತು. ಒಂದು ವರ್ಷದ ಹಿಂದಿನ ಪಾಠ ಆಡಳಿತಕ್ಕೆ ಏಕೆ ನೆನಪಿರಲಿಲ್ಲ? ಮೆರವಣಿಗೆಯ ದಾರಿ, ಸಮಯ, ಬಂದೋಬಸ್ತುಗಳನ್ನು ಎರಡೂ ಕಡೆಯ ಹಿರಿಯರನ್ನು ಕೂರಿಸಿಕೊಂಡು ಮೊದಲೇ ನಿಶ್ಚಯಿಸುವುದು ಅಷ್ಟು ಕಷ್ಟವೇ? ಇದನ್ನು ಶಾಸಕರನ್ನು ಕೇಳಬೇಕಾದವರು ಅವರಿಗೆ ಮತ ಹಾಕಿದ ನಾವೇ. ಹಾಗೆಯೇ ಕಲ್ಲೆಸೆದವನು ನಮ್ಮವನೇ ಆಗಿದ್ದರೆ ಅವನನ್ನು ಸಮರ್ಥಿಸುವ ಒಂದು ಮಾತೂ ನಮ್ಮ ಬಾಯಿಂದ ಬರಬಾರದು. ಒಬ್ಬ ಹುಡುಗ ಎಸೆದ ಕಲ್ಲು ನೂರು ಮನೆಗಳ ನೆಮ್ಮದಿಯನ್ನು ಒಡೆಯುತ್ತದೆ.

ನೆರೆಯ ಚನ್ನಪಟ್ಟಣದ ಉಪಚುನಾವಣೆಯನ್ನೂ ನೆನಪಿಸಿಕೊಳ್ಳಿ. 2024ರ ನವೆಂಬರಿನಲ್ಲಿ ಅಲ್ಲಿ ಕಾಂಗ್ರೆಸಿನಿಂದ ಗೆದ್ದ ಯೋಗೇಶ್ವರ್ ಅವರು ಅದಕ್ಕೆ ಕೆಲವೇ ವಾರಗಳ ಮುನ್ನ ಬಿಜೆಪಿಯಲ್ಲಿದ್ದವರು. ಬಾವುಟದ ಬಣ್ಣ ನೋಡಿ ಮನುಷ್ಯನನ್ನು ನಂಬುವ ಕಾಲ ಮುಗಿದಿದೆ ಎಂಬುದಕ್ಕೆ ಬೇರೆ ನಿದರ್ಶನ ಬೇಕೇ?

ಮತವೆಂಬುದು ಒಂದು ಅಮಾನತ್ತು. ಅದನ್ನು ತಂದೆಯ ಕಾಲದ ಬಳುವಳಿಯಂತೆ ಒಂದು ಪಕ್ಷಕ್ಕೆ ಬರೆದುಕೊಡುವುದೂ ತಪ್ಪು, ಭಯದಿಂದ ಇನ್ನೊಂದರ ಕೈಗೆ ಒತ್ತೆಯಿಡುವುದೂ ತಪ್ಪು. ಪ್ರತಿ ಊರಿನಲ್ಲಿಯೂ ಮಸೀದಿ ಸಮಿತಿಯ ಹೊರಗೆ, ಎಲ್ಲ ಸಮುದಾಯದ ವಿದ್ಯಾವಂತರು ಕುಳಿತು ಶಾಸಕರ ಲೆಕ್ಕ ಬರೆಯಲಿ. ಶಾಲೆಗೆ ಏನು ಬಂತು, ವಿದ್ಯಾರ್ಥಿವೇತನ ಯಾರಿಗೆ ತಲುಪಿತು, ಚರಂಡಿ ಯಾವ ಬೀದಿಗೆ ಬರಲಿಲ್ಲ, ಗಲಭೆಯ ರಾತ್ರಿ ಯಾರು ಬೀದಿಗಿಳಿದು ಶಾಂತಿ ಕೋರಿದರು ಎಂಬುದೆಲ್ಲ ಆ ಲೆಕ್ಕದಲ್ಲಿರಲಿ. ಐದು ವರ್ಷಕ್ಕೊಮ್ಮೆ ಆ ಪುಸ್ತಕ ತೆರೆದು ನೋಡಿ ಮತ ಹಾಕಿದರೆ, ನಾವು ಉಳಿದರೂ ಅದು ಗುಲಾಮಗಿರಿಯಲ್ಲ, ಹೊರಟರೂ ಅದು ದ್ರೋಹವಲ್ಲ.

ಆಗ ಋಣದ ಮಾತೆತ್ತಿದವರಿಗೆ ತಲೆತಗ್ಗಿಸದೆ ಉತ್ತರಿಸಬಹುದು: ಋಣವನ್ನು ನಾವು ಮರೆತಿಲ್ಲ. ಆದರೆ ಲೆಕ್ಕವನ್ನೂ ಮರೆತಿಲ್ಲ.